ಇಪ್ಪತ್ತಾರನೇ ಟ್ಯೂಬು

ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಡಿ.ಎನ್.ಎ. ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದೆ. ಹೊರಡುವ ಮುಂಚೆ ಬಂದು, "ಅಜ್ಜಿ, ನೀವೂ ಇಂಥದೇ ಕೆಲಸ ಮಾಡ್ತಿದ್ರಂತಲ್ಲ, ನಿಮ್ಮ ಕಾಲದಲ್ಲಿ ಯಾವ ಯಂತ್ರ ಇತ್ತು?" ಎಂದು ಕೇಳಿದಳು. ಒಂದು ಸೀಮೆಎಣ್ಣೆ ಸ್ಟೌವು, ಕೈಯಲ್ಲಿ ತಿರುಗಿಸುವ ಸೆಂಟ್ರಿಫ್ಯೂಜು, ಒಂದು ಹಳೇ ಜೀಪು ಎಂದೆ. ನಕ್ಕಳು. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು. ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ತಪ್ಪಿತು ಎಂಬುದು ಯಾರಿಗೂ ಬೇಕಿಲ್ಲ. ಮಾಡಿದ ತಪ್ಪುಗಳಾದರೆ ಇನ್ನೊಬ್ಬರ ಉಪಯೋಗಕ್ಕೆ ಬಂದಾವು.

ನಾನು ಶ್ರೀರಂಗಪಟ್ಟಣದ ಕೋಟೆಯೊಳಗೆ ಹುಟ್ಟಿದವಳು. ಅಪ್ಪ ದೇವಸ್ಥಾನದ ಅಡುಗೆಮನೆಯಲ್ಲಿದ್ದರು. ನಾನು ಬಿ.ಎಸ್ಸಿ. ಮುಗಿಸಿದ್ದು ಅರವತ್ತರ ದಶಕದಲ್ಲಿ. ಅದೇ ಹೊತ್ತಿಗೆ ಪಾಂಡವಪುರದ ಒಂದು ಬಾಡಿಗೆ ಮನೆಯಲ್ಲಿ ಆನುವಂಶಿಕ ಸಮೀಕ್ಷೆಯ ಘಟಕ ತೆರೆದರು. ಅಲ್ಲಿ ಟೆಕ್ನಿಷಿಯನ್ ಕೆಲಸ ಸಿಕ್ಕಿತು. ಏನು ಕೆಲಸ ಎಂದು ಅಪ್ಪ ಕೇಳಿದರು. ಜನರ ರಕ್ತ ತೆಗೆದು ಅದರ ಗುಣ ನೋಡುವುದು ಎಂದೆ. ಅವರು, "ಮನೆಗೆ ಬಂದ ತಕ್ಷಣ ಸ್ನಾನ ಮಾಡಿಬಿಡು" ಎಂದರು. ನನ್ನ ಇಡೀ ಸರ್ವೀಸಿನಲ್ಲಿ ನನಗೆ ಯಾರಾದರೂ ಹೇಳಿದ ಸುರಕ್ಷತೆಯ ನಿಯಮ ಅದೊಂದೇ.

ನಮ್ಮ ಕಡೆ ಅಕ್ಕನ ಮಗಳನ್ನೇ ತಂದುಕೊಳ್ಳುವುದು ಆಗ ಸಾಮಾನ್ಯ. ಅಂಥ ಮನೆಗಳಲ್ಲಿ ಯಾವ ಗುಣ ಯಾರಿಂದ ಯಾರಿಗೆ ಇಳಿಯುತ್ತದೆ ಎಂದು ಪಟ್ಟಿ ಮಾಡುವುದು ಘಟಕದ ಉದ್ದೇಶ. ಡಿ.ಎನ್.ಎ. ಎಂಬ ಬರಹವಿದೆ ಎಂದು ನಮಗೆ ಗೊತ್ತಿತ್ತು, ಓದಲು ಬರುತ್ತಿರಲಿಲ್ಲ. ಆ ಬರಹದಂತೆ ದೇಹ ತಯಾರಿಸುವ ಪ್ರೋಟೀನುಗಳನ್ನೂ ರಕ್ತದ ಗುಂಪುಗಳನ್ನೂ ನೋಡಿ ಮೂಲ ಹೀಗಿರಬೇಕು ಎಂದು ಊಹಿಸುತ್ತಿದ್ದೆವು. ಕಾಗದ ಕಾಣದೆ, ಅದನ್ನು ಓದಿದವನ ಮುಖ ನೋಡಿ ಸುದ್ದಿ ತಿಳಿದುಕೊಂಡ ಹಾಗೆ.

ನಮ್ಮ ಮುಖ್ಯಸ್ಥರು ಡಾಕ್ಟರ್ ಶೇಷಗಿರಿ. ವಿದೇಶದಲ್ಲಿ ಓದಿ ಬಂದವರು. ಯಾವ ಪ್ರಶ್ನೆಗೂ ಅರ್ಧ ಗಂಟೆಗಿಂತ ಕಡಿಮೆ ಉತ್ತರ ಕೊಟ್ಟವರಲ್ಲ. ಪ್ರೋಟೀನು ಬೇರ್ಪಡಿಸಲು ಆಲೂಗಡ್ಡೆ ಪಿಷ್ಟದ ಅಚ್ಚು ಬೇಕು. ಪಿಷ್ಟವನ್ನು ದ್ರಾವಣದಲ್ಲಿ ಕಾಯಿಸಿ, ತಟ್ಟೆಗೆ ಹುಯ್ದು, ಗಟ್ಟಿಯಾದ ಮೇಲೆ ಅದರಲ್ಲಿ ರಕ್ತದ ಹನಿ ಇಟ್ಟು ಎರಡೂ ತುದಿಗೆ ಕರೆಂಟು ಕೊಟ್ಟರೆ ಬೇರೆ ಬೇರೆ ಪ್ರೋಟೀನು ಬೇರೆ ಬೇರೆ ದೂರ ಓಡಿ ನಿಲ್ಲುತ್ತದೆ. ಡಾಕ್ಟರು ಒಂದು ವಾರ ಕಾಯಿಸಿದರು. ಒಂದು ದಿನ ಗಂಟು, ಒಂದು ದಿನ ನೀರು. ಹೊರದೇಶದಿಂದ ತರಿಸಿದ ಪಿಷ್ಟದ ಡಬ್ಬ ಅರ್ಧವಾಯಿತು.

ನಾನು ಕೊನೆಗೆ ಬಾಯಿಬಿಟ್ಟೆ. "ಸಾರ್, ಇದು ಸಂಡಿಗೆ ಹಿಟ್ಟಿನ ಥರಾನೇ. ಕೈ ಬಿಡದೆ ತಿರುಗಿಸ್ತಿರಬೇಕು. ಮೊದಲು ಗಟ್ಟಿ ಆಗತ್ತೆ, ಹೆದರಿ ಇಳಿಸಬಾರದು. ಮತ್ತೆ ಸಡಿಲ ಆಗಿ ಹೊಳೀತದಲ್ಲ, ಆಗ ಇಳಿಸಬೇಕು."

ಅವರು ಕನ್ನಡಕದ ಮೇಲಿಂದ ನೋಡಿ, "ಎಲ್ಲಿ ಓದಿದೆ ಇದನ್ನ?" ಎಂದರು.

ಆವತ್ತಿನ ಅಚ್ಚು ಗಾಜಿನಂತೆ ಬಂತು. ಆಮೇಲೆ ಪ್ರಕಟವಾದ ಲೇಖನದಲ್ಲಿ 'ಸ್ಥಳೀಯ ಪರಿಸ್ಥಿತಿಗೆ ತಕ್ಕಂತೆ ಮಾರ್ಪಡಿಸಿದ ವಿಧಾನ' ಎಂದು ಒಂದು ಸಾಲು ಇತ್ತು. ಆ ಸ್ಥಳೀಯ ಪರಿಸ್ಥಿತಿ ನಾನೇ.

ದ್ರಾವಣಗಳನ್ನೆಲ್ಲ ಗಾಜಿನ ಕೊಳವೆಗೆ ಬಾಯಿಟ್ಟು ಎಳೆಯುತ್ತಿದ್ದೆವು. ಊರೂರಿನ ರಕ್ತದ ರುಚಿ ಒಂದೇ ಎಂದು ನಾನು ಸ್ವಂತ ಅನುಭವದಿಂದ ಹೇಳಬಲ್ಲೆ. ಹಿಮೋಗ್ಲೋಬಿನ್ನಿಗೆ ನೀಲಿ ಬಣ್ಣ ಬರಿಸುವ ಪುಡಿಯನ್ನು ಬರಿಗೈಯಲ್ಲಿ ಕದಡುತ್ತಿದ್ದೆ. ಅದು ಕ್ಯಾನ್ಸರ್ ತರಿಸುವ ವಸ್ತು ಎಂದು ಸುತ್ತೋಲೆ ಬಂದಾಗ ನಮ್ಮ ಹತ್ತಿರ ಪುಡಿ ಮುಗಿದು ಬಹಳ ದಿನವಾಗಿತ್ತು. ಸುತ್ತೋಲೆಯನ್ನು ಫೈಲು ಮಾಡಿದೆವು.

ಒಮ್ಮೆ ಮೇಲಧಿಕಾರಿಯೊಬ್ಬರು ಘಟಕ ನೋಡಲು ಬರುವುದೆಂದಾಯಿತು. ಅವರಿಗೆ 'ಡಿ.ಎನ್.ಎ. ತೋರಿಸಬೇಕಂತೆ.' ಡಾಕ್ಟರಿಗೆ ಉತ್ಸಾಹ ಬಂತು. ಎಳೆಯ ಮೇಕೆಯ ಕುತ್ತಿಗೆ ಬುಡದ ಗ್ರಂಥಿಯಲ್ಲಿ ಅದು ಯಥೇಚ್ಛ ಸಿಗುತ್ತದೆ. ತರಬೇಕಾದವಳು ನಾನು, ಏಕೆಂದರೆ ಕಸಾಯಿ ಅಂಗಡಿಯಿದ್ದ ಗಂಜಾಂ ನಮ್ಮ ಮನೆಗೆ ಹತ್ತಿರ. ಬೆಳಗ್ಗೆ ಕಸಾಯಿ ಅಂಗಡಿಯ ಮುಂದೆ ತಲೆ ತಗ್ಗಿಸಿ ನಿಂತೆ. ಅವನು ಗ್ರಂಥಿಯನ್ನು ಎಲೆಯಲ್ಲಿ ಸುತ್ತಿ ಕೊಟ್ಟು, "ಇದನ್ನ ಯಾರೂ ಕೊಳ್ಳಲ್ಲ ಅಮ್ಮಾ, ಏನ್ ಮಾಡ್ತೀರಿ?" ಎಂದ. ಟಿಫಿನ್ ಕ್ಯಾರಿಯರಿನಲ್ಲಿ ಮಂಜುಗಡ್ಡೆಯ ಮಧ್ಯೆ ಇಟ್ಟುಕೊಂಡು ಬಸ್ಸು ಹತ್ತಿದರೆ ಪಕ್ಕದಲ್ಲಿ ನಮ್ಮ ಬೀದಿಯ ಅರ್ಚಕರು. "ಏನಮ್ಮ ಕೋಮಲ, ಆಫೀಸಿಗೆ ಪುಳಿಯೋಗರೆಯಾ?" ಎಂದರು. ಹೌದು ಮಾಮಾ ಎಂದೆ. ಪಾಂಡವಪುರ ಬರುವ ತನಕ ಅವರು ಪುಳಿಯೋಗರೆಗೆ ಎಷ್ಟು ಬೆಲ್ಲ ಹಾಕಬೇಕು ಎಂದು ಹೇಳುತ್ತಲೇ ಇದ್ದರು.

ಗ್ರಂಥಿಯನ್ನು ತಣ್ಣನೆಯ ಉಪ್ಪುನೀರಿನಲ್ಲಿ ಅರೆದು, ಸಾಬೂನಿನ ಜಾತಿಯ ದ್ರಾವಣ ಹಾಕಿ ಜೀವಕೋಶಗಳನ್ನು ಒಡೆದು, ಕ್ಲೋರೋಫಾರಂ ಬೆರೆಸಿ ಕುಲುಕಿ, ತಿಳಿ ಬೇರ್ಪಡಲೆಂದು ಸೆಂಟ್ರಿಫ್ಯೂಜಿನ ಹಿಡಿ ತಿರುಗಿಸಿ ತಿರುಗಿಸಿ ಭುಜ ಬಿದ್ದುಹೋಯಿತು. ಮೇಲೆ ನಿಂತ ತಿಳಿಯ ಮೇಲೆ ತಣ್ಣನೆಯ ಸ್ಪಿರಿಟ್ಟನ್ನು ಮೆಲ್ಲಗೆ ಹುಯ್ದೆ. ಎರಡೂ ಸೇರುವ ಕಡೆ ಬಿಳಿಯ ನೂಲು ಹುಟ್ಟಿತು. ಗಾಜಿನ ಕಡ್ಡಿಗೆ ಸುತ್ತಿದರೆ ಹಸಿ ಹತ್ತಿಯ ಎಳೆಯ ಹಾಗೆ ಸುತ್ತಿಕೊಂಡು ಬಂತು. ನಾನು ಅದುವರೆಗೆ ಅದರ ಹೆಸರು ಮಾತ್ರ ಕೇಳಿದ್ದವಳು. ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ.

ಅಧಿಕಾರಿ ಬಗ್ಗಿ ನೋಡಿ, "ಇದರಲ್ಲಿ ಜಾತಿ ಗೊತ್ತಾಗತ್ತೇನ್ರಿ?" ಎಂದರು.

"ಇದು ಮೇಕೇದು ಸಾರ್" ಎಂದರು ಡಾಕ್ಟರು.

"ಹಾಗಾದ್ರೆ ಮನುಷ್ಯರದು?"

"ನೋಡೋದಕ್ಕೆ ಇದೇ ಥರ ಇರತ್ತೆ ಸಾರ್."

ಅವರಿಗೆ ನಿರಾಸೆಯಾಯಿತು. ಕಾಫಿ ಕುಡಿದು ಹೊರಟುಹೋದರು.

ಕೆಲಸದ ಬಹುಭಾಗ ಇದ್ದದ್ದು ಹೊರಗೆ, ಹಳ್ಳಿಗಳಲ್ಲಿ. ಡ್ರೈವರ್ ಇಬ್ರಾಹಿಂ ಸಾಹೇಬರು, ನಾನು, ಮಂಜುಗಡ್ಡೆಯ ಪೆಟ್ಟಿಗೆ. ಜನ ನನಗೆ 'ರಕ್ತದಮ್ಮ' ಎಂದು ಹೆಸರಿಟ್ಟರು. ನಾಗಮಂಗಲದ ಕಡೆ ನಮ್ಮ ಜೀಪು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಗ ಡಾಕ್ಟರಿಗೆ ಒಂದು ಉಪಾಯ ಹೊಳೆಯಿತು. ರಕ್ತ ಕೊಟ್ಟ ಪ್ರತಿಯೊಬ್ಬರಿಗೂ ಹೆಸರು, ರಕ್ತದ ಗುಂಪು ಬರೆದ ಒಂದು ಗುಲಾಬಿ ಕಾರ್ಡು. ಸರ್ಕಾರದ ಸೀಲು ಇರುವ ಕಾರ್ಡು ಎಂದರೆ ಮುಂದೆ ಯಾವತ್ತಾದರೂ ಏನಾದರೂ ಸಿಗಬಹುದು ಎಂದು ಜನ ಸಾಲು ನಿಂತರು. ಒಬ್ಬ ಹೆಂಗಸು ತನ್ನದನ್ನು ಸೆರಗಿಗೆ ಕಟ್ಟಿಕೊಂಡು, "ನಮ್ ಎಮ್ಮೆಗೂ ಒಂದ್ ಬರ್ದು ಕೊಟ್ಬುಡಿ, ಪುಣ್ಯ ಬತ್ತದೆ" ಎಂದಳು. ಕಾರ್ಡುಗಳನ್ನು ಗೋಡೆಯ ಮೇಲೆ ದೇವರ ಪಟದ ಪಕ್ಕ ಅಂಟಿಸಿದ್ದನ್ನು ನಾನೇ ನೋಡಿದ್ದೇನೆ. ಆ ಕಾರ್ಡನ್ನು ಯಾರಾದರೂ ಕೂತು ಓದಿಯಾರು ಎಂದು ನಮಗೆ ಹೊಳೆಯಲಿಲ್ಲ.

ಓದಿದವರು ಕೆ.ಆರ್. ಪೇಟೆ ತಾಲ್ಲೂಕು ಸಿಂಧಘಟ್ಟದ ನಿಂಗೇಗೌಡ ಮೇಷ್ಟ್ರು.

ಅವರ ಮನೆಯಲ್ಲಿ ಅಣ್ಣ ತಮ್ಮ ಒಟ್ಟಿಗಿದ್ದರು. ಮೇಷ್ಟ್ರು ಅಣ್ಣ, ಹೆಂಡತಿ ನಾಗಮ್ಮ, ಒಬ್ಬನೇ ಮಗ ಶಿವರಾಜು. ತಮ್ಮ ಜವರಪ್ಪ ಬೇಸಾಯಗಾರ. ಕಿಕ್ಕೇರಿಯಲ್ಲಿದ್ದ ಅಕ್ಕನ ಮಗಳು ಪುಟ್ಟತಾಯಿಯನ್ನೇ ಮದುವೆಯಾಗಿದ್ದ. ಅವರ ಮಗ ಕುಮಾರ. ಎರಡು ಹುಡುಗರಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು, ಏಳೆಂಟು ವರ್ಷ. ಇಡೀ ಮನೆಯ ರಕ್ತ ಒಂದೇ ಬೆಳಗ್ಗೆ ತೆಗೆದೆ. ಕಾರ್ಡು ಕಳಿಸಿದೆವು.

ಮೂರು ವಾರದ ಮೇಲೆ ಮೇಷ್ಟ್ರು ಎರಡು ಬಸ್ಸು ಬದಲಾಯಿಸಿ ಪಾಂಡವಪುರಕ್ಕೆ ಬಂದು, ಡಾಕ್ಟರ ಮೇಜಿನ ಮೇಲೆ ಮೂರು ಕಾರ್ಡು ಸಾಲಾಗಿ ಇಟ್ಟರು. ನಾನು ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುತ್ತಿದ್ದೆ.

"ಇದು ನನ್ನ ತಮ್ಮಂದು, ಓ ಗುಂಪು. ಇದು ಅವನ ಹೆಂಡ್ತೀದು, ಇದೂ ಓ. ಇದು ಅವರ ಹುಡುಗಂದು, ಬಿ. ನಾನು ಪುಸ್ತಕ ತರಿಸಿ ಓದಿದೆ. ಇಬ್ಬರೂ ಓ ಆದ್ರೆ ಮಗೂಗೆ ಬಿ ಬರೋಕಾಗತ್ತಾ ಡಾಕ್ಟ್ರೆ?"

ಎಲ್ಲದಕ್ಕೂ ಅರ್ಧ ಗಂಟೆ ತೆಗೆದುಕೊಳ್ಳುವ ಡಾಕ್ಟರು ಆವತ್ತು ಒಂದೇ ಮಾತಿನಲ್ಲಿ ಮುಗಿಸಿದರು. "ಆಗಲ್ಲ."

ಮೇಷ್ಟ್ರು ಕಾರ್ಡುಗಳನ್ನು ಜೋಡಿಸಿಕೊಂಡು ಎದ್ದುಹೋದರು. ನಮಸ್ಕಾರ ಹೇಳಲಿಲ್ಲ.

ಆ ರಕ್ತ ತೆಗೆದವಳೂ ಪರೀಕ್ಷೆ ಮಾಡಿದವಳೂ ನಾನೇ. ಸಂಜೆ ಆ ಊರಿನ ಟ್ಯೂಬುಗಳನ್ನು ತೆಗೆದು ನೋಡಿದೆ. ರಕ್ತ ಆಗಲೇ ಮತ್ತೆ ಪರೀಕ್ಷೆ ಮಾಡುವಂತಿರಲಿಲ್ಲ. ಮೇಲೆ ಅಂಟಿಸಿದ ಪ್ಲಾಸ್ಟರಿನಲ್ಲಿ ನನ್ನದೇ ಕೈಬರಹ. ಚಿಕ್ಕಂದಿನಿಂದ ನಾನು ಕನ್ನಡ ಅಂಕಿಯಲ್ಲೇ ಬರೆಯುವವಳು. ಕುಮಾರನದು ೨೬, ಶಿವರಾಜುವಿನದು ೨೯. ಕನ್ನಡದ ಆರು, ಒಂಬತ್ತು ಎರಡಕ್ಕೂ ಇರುವ ವ್ಯತ್ಯಾಸ ಬಾಲ ಯಾವ ಕಡೆ ತಿರುಗಿದೆ ಎಂಬುದಷ್ಟೇ. ಮಂಜುಗಡ್ಡೆಯ ನೀರಿಗೆ ಶಾಯಿ ಹರಡಿ ಎರಡಕ್ಕೂ ಬಾಲವೇ ಇರಲಿಲ್ಲ. ಪರೀಕ್ಷೆಯ ದಿನ ಯಾವುದನ್ನು ಯಾವುದೆಂದು ಓದಿದೆನೋ ದೇವರೇ ಬಲ್ಲ.

ಡಾಕ್ಟರಿಗೆ ಹೇಳಿದೆ. ಅವರು, "ವರದಿ ಹೋಗಿಯಾಯ್ತಲ್ಲ. ಒಂದು ಟ್ಯೂಬು ಅನುಮಾನ ಅಂದ್ರೆ ಎಲ್ಲಾ ಟ್ಯೂಬೂ ಅನುಮಾನ ಆಗತ್ತೆ. ಹಳ್ಳಿಯವರ ಮನೆ ವಿಷಯ, ನಾಲ್ಕು ದಿನ ಗಲಾಟೆ ಇರತ್ತೆ, ಮರೀತಾರೆ" ಎಂದರು. ಕೆಟ್ಟವರಲ್ಲ ಅವರು. ಹಳ್ಳಿಯವರಿಗೆ ನೆನಪು ಕಡಿಮೆ ಎಂದು ನಿಜವಾಗಿ ನಂಬಿದ್ದರು.

ಆ ವಾರ ಅವರು ಸಭೆಗೆಂದು ಬೆಂಗಳೂರಿಗೆ ಹೋದ ದಿನ ನಾನು ಇಬ್ರಾಹಿಂ ಸಾಹೇಬರನ್ನು ಕೇಳಿದೆ. ಅವರು ಏನೂ ಪ್ರಶ್ನೆ ಮಾಡದೆ ಜೀಪಿಗೆ ನೀರು ಹಾಕಿದರು.

ಸಿಂಧಘಟ್ಟದಲ್ಲಿ ಪುಟ್ಟತಾಯಿ ಇರಲಿಲ್ಲ. ಮೂರು ದಿನದ ಹಿಂದೆ ಮಗನನ್ನು ಕರೆದುಕೊಂಡು ಕಿಕ್ಕೇರಿಗೆ, ತವರಿಗೆ ಹೋಗಿದ್ದಳು. ಮೇಷ್ಟ್ರು ಶಾಲೆಗೆ ಹೋಗಿದ್ದರು. ಶೀತವೆಂದು ಶಾಲೆ ತಪ್ಪಿಸಿ ಮನೆಯಲ್ಲಿದ್ದ ಶಿವರಾಜುವಿನ ರಕ್ತ ಎರಡು ಹನಿ ತೆಗೆದುಕೊಂಡೆ. ಮೊದಲಿನದು ಸಾಲದಾಯಿತು ಎಂದೆ. ನಾಗಮ್ಮ ಮಗನ ತೋಳು ಹಿಡಿದುಕೊಂಡು ಕೂತಿದ್ದರು. ಜವರಪ್ಪ ಗದ್ದೆಯ ಬದುವಿನ ಮೇಲೆ ಸಿಕ್ಕಿದ.

"ನಾ ಕಳ್ಸಿಲ್ಲ ಕಣವ್ವ. ಅವ್ಳೇ ಒಂಟೋದ್ಲು" ಎಂದ. ಬದುವಿನ ಹುಲ್ಲು ಕೀಳುತ್ತ, "ಓಗ್ಬ್ಯಾಡ ಅಂತಾನೂ ಅನ್ನಲಿಲ್ಲ" ಎಂದ.

ಕಿಕ್ಕೇರಿಯಲ್ಲಿ ಪುಟ್ಟತಾಯಿ ನನ್ನನ್ನು ಜಗಲಿಗೆ ಹತ್ತಿಸಲಿಲ್ಲ. "ಒಂದ್ ಸಲ ಕೊಟ್ಟಿದ್ದುಕ್ಕೇ ಇಲ್ಗಂಟ ಬಂದಿವ್ನಿ. ಇನ್ನೂ ಏನ್ ಬೇಕು ನಿಮ್ಗೆ?"

"ತಪ್ಪು ನಂದು ಇರಬಹುದು ಅಂತ ಬಂದೆ" ಎಂದೆ. ಟ್ಯೂಬಿನ ವಿಷಯ ಎಲ್ಲಾ ಹೇಳಿದೆ. ಅವಳು ಓದಿದವಳಲ್ಲ. ಆದರೆ ನಾನು ನೆಲದ ಮೇಲೆ ಕಡ್ಡಿಯಲ್ಲಿ ಆರು, ಒಂಬತ್ತು ಬರೆದು ತೋರಿಸಿದಾಗ ತುಂಬಾ ಹೊತ್ತು ನೋಡಿದಳು.

"ಇಷ್ಟುಕ್ಕಾ?" ಎಂದಳು. ಅದಕ್ಕಿಂತ ಜೋರಾಗಿ ಬೈದಿದ್ದರೂ ನನಗೆ ಅಷ್ಟು ತಾಗುತ್ತಿರಲಿಲ್ಲ.

ಕುಮಾರನ ಬೆರಳು ಚುಚ್ಚಿ ಬಿಳಿ ಟೈಲಿನ ಮೇಲೆ ಹನಿ ಇಟ್ಟು, ಗುಂಪು ಗುರುತಿಸುವ ಸೀರಂ ಬೆರೆಸಿ, ಅವಳ ಕಣ್ಣೆದುರಿಗೇ ಟೈಲನ್ನು ಆಡಿಸಿದೆ. ಬೇರೆ ಗುಂಪಾದರೆ ರಕ್ತ ರವೆಯ ಹಾಗೆ ಒಡೆಯುತ್ತದೆ. ಇದು ಒಡೆಯಲಿಲ್ಲ. ಓ ಗುಂಪು. ಅಪ್ಪನದೂ ಅದೇ, ಅಮ್ಮನದೂ ಅದೇ.

"ನಿಂದು ಏನೂ ತಪ್ಪಿಲ್ಲ ಅಂತ ಆಯ್ತಮ್ಮ" ಎಂದೆ.

"ಅದು ನಂಗೆ ಮೊದ್ಲೇ ಗೊತ್ತಿತ್ತು" ಎಂದಳು ಪುಟ್ಟತಾಯಿ. "ನಿಮ್ ತಪ್ಪು ನಿಮ್ಗೀಗ ಗೊತ್ತಾಯ್ತು. ಅದುನ್ನ ಅಲ್ ಬಂದು, ನಾಕ್ ಜನದ್ ಮುಂದೆ ಏಳ್ತೀರಾ?"

ಹೇಳುತ್ತೇನೆ ಎಂದೆ. ಅವಳು ಸೀರೆ ಬದಲಾಯಿಸಲು ಒಳಗೆ ಹೋದಳು.

ಆ ಹೊತ್ತಿಗೆ ನಾನು ಜೀಪಿಗೆ ಹೋಗಿ, ಅದೇ ಟೈಲು ತೊಳೆದು, ಬೆಳಗ್ಗೆ ತೆಗೆದಿದ್ದ ಶಿವರಾಜುವಿನ ರಕ್ತ ಇಟ್ಟೆ. ಅದಲುಬದಲು ಆಗಿದ್ದರೆ, ಕಾರ್ಡಿನಲ್ಲಿ ಓ ಎಂದಿದ್ದ ಅವನದು ಈಗ ಬಿ ಬರಬೇಕು. ಬರಲಿ, ಲೆಕ್ಕ ಸರಿಹೋಗಲಿ ಎಂದೇ ಇಟ್ಟೆ. ಬಿ ಬಂತು. ರವೆಯ ಹಾಗೆ ಚೆನ್ನಾಗಿ ಒಡೆಯಿತು. ಸಮಾಧಾನದ ಉಸಿರು ಬಿಟ್ಟು ರಿಜಿಸ್ಟರಿನಲ್ಲಿ ಬರೆಯಲು ಹೋದವಳು ಅಲ್ಲೇ ನಿಂತೆ. ಅದೇ ಪುಟದಲ್ಲಿ ಮೇಷ್ಟ್ರದು ಎ, ನಾಗಮ್ಮನದು ಓ ಎಂದಿತ್ತು. ಅವರಿಬ್ಬರಿಗೆ ಬಿ ಮಗು ಆಗುವುದಿಲ್ಲ. ನನ್ನ ತಪ್ಪು ಒಂದು ಸಂಸಾರದ ಮೇಲೆ ಸುಳ್ಳು ಹೇಳಿತ್ತು. ಇನ್ನೊಂದು ಸಂಸಾರದ ಗುಟ್ಟನ್ನು ಮುಚ್ಚಿತ್ತು.

"ಏನಾಯ್ತಮ್ಮಾ?" ಎಂದರು ಇಬ್ರಾಹಿಂ ಸಾಹೇಬರು.

"ಏನಿಲ್ಲ" ಎಂದು ಟೈಲಿನ ಮೇಲೆ ನೀರು ಹುಯ್ದೆ.

ನೀವು ಈಗ ಕೇಳಬಹುದು, ನಿಯಮ ಏನು ಹೇಳುತ್ತದೆ ಎಂದು. ನಿಮಗೆ ನಿಯಮಗಳಿವೆ. ಯಾವುದನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂದು ಮುಂಚೆಯೇ ಸಹಿ ಮಾಡಿಸಿಕೊಳ್ಳುತ್ತೀರಿ. ನನಗೆ ಇದ್ದದ್ದು ಕಿಕ್ಕೇರಿಯಿಂದ ಸಿಂಧಘಟ್ಟದ ತನಕದ ದಾರಿ. ಹಿಂದಿನ ಸೀಟಿನಲ್ಲಿ ಪುಟ್ಟತಾಯಿ ಮಗನಿಗೆ ಹೊಲ, ಗದ್ದೆ ತೋರಿಸುತ್ತಿದ್ದಳು.

ಮನೆ ಮುಂದೆ ಜನ ಸೇರಿದರು. ಮೇಷ್ಟ್ರು ಶಾಲೆಯಿಂದ ಬಂದಿದ್ದರು. ನಾನು ನಿಂತುಕೊಂಡೇ ಹೇಳಿದೆ: ನಂಬರು ತಪ್ಪಾಗಿ ಓದಿದವಳು ನಾನು, ಕುಮಾರನದು ಓ ಗುಂಪು, ಪುಟ್ಟತಾಯಿಯ ಮೇಲೆ ಬಂದ ಮಾತು ನನ್ನಿಂದ ಬಂದದ್ದು, ತಪ್ಪಾಯಿತು. ಯಾರೂ ಬೈಯಲಿಲ್ಲ.

ಮೇಷ್ಟ್ರು ಬುದ್ಧಿವಂತರು. "ಹಾಗಾದ್ರೆ ಆ ಬಿ ರಕ್ತ ಯಾರದು?" ಎಂದರು. "ಅದಲುಬದಲು ಅಂದ್ರೆ ಇನ್ನೊಂದು ಇರಬೇಕಲ್ಲ."

ಬಾಗಿಲ ಹತ್ತಿರ ನಾಗಮ್ಮ ನಿಂತಿದ್ದರು. ಕೈಯಲ್ಲಿ ಹಿಟ್ಟು ಮೆತ್ತಿತ್ತು. ನನ್ನನ್ನೇ ನೋಡುತ್ತಿದ್ದರು. ಬೇಡುವ ನೋಟವಲ್ಲ. ಆಪರೇಷನ್ ಕೋಣೆಯಿಂದ ಹೊರಬಂದ ಡಾಕ್ಟರನ್ನು ನೋಡುತ್ತಾರಲ್ಲ, ಹಾಗೆ.

"ಅದೇ ವಾರ ಸಂತೆಬಾಚಹಳ್ಳೀಲಿ ತೆಗೆದಿದ್ದ ಒಂದು ಮಗೂದು" ಎಂದೆ. "ಹೆಸರು ಹೇಳೋ ಹಾಗಿಲ್ಲ."

"ಬೆಳಗ್ಗೆ ನಮ್ಮ ಹುಡುಗನ ರಕ್ತಾನೂ ತಗೊಂಡ್ರಂತೆ?"

"ಮನೆಯಲ್ಲಿ ಸಿಕ್ಕ ಮಗೂದು ಅಂತ ತಗೊಂಡೆ. ಅವನದು ಕಾರ್ಡಿನಲ್ಲಿರೋ ಹಾಗೇ ಇದೆ ಮೇಷ್ಟ್ರೆ."

ಅವರು ತಲೆಯಾಡಿಸಿದರು. ಪುಟ್ಟತಾಯಿ ಅವರ ಮುಂದೆ ಹೋಗಿ ನಿಂತಳು. "ದೊಡ್ಮಾವ, ನನ್ನ ಎತ್ತಿ ಆಡ್ಸಿದೋರು ನೀವು. ಒಂದ್ ಮಾತು ನನ್ನ ಕೇಳ್ಬೋದಿತ್ತು."

ಮೇಷ್ಟ್ರು ನೆಲ ನೋಡಿದರು. "ಪುಸ್ತಕದಲ್ಲಿ ಹಾಗಿತ್ತಮ್ಮ" ಎಂದರು. ಅಷ್ಟರಲ್ಲಿ ಜವರಪ್ಪ ಜನರ ಮಧ್ಯದಿಂದ ಬಂದು, ಯಾರ ಮುಖವನ್ನೂ ನೋಡದೆ, ಕುಮಾರನನ್ನು ಹೆಗಲ ಮೇಲೆ ಕೂರಿಸಿಕೊಂಡು ಗದ್ದೆಯ ಕಡೆ ನಡೆದುಬಿಟ್ಟ. ಅವನ ಕ್ಷಮಾಪಣೆ ಅದೇ. ಪುಟ್ಟತಾಯಿ ಅದಕ್ಕೆ ಎಷ್ಟು ದಿನದ ಮೇಲೆ ಒಪ್ಪಿದಳೋ ನನಗೆ ಗೊತ್ತಿಲ್ಲ.

ಜೀಪು ಹೊರಡುವಾಗ ನಾಗಮ್ಮ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟರು. ನಾನು ಕುಡಿದು ಚೊಂಬು ಕೊಡುವಾಗ ಮೆಲ್ಲಗೆ, "ಮುಂದೆ ಹುಡ್ಗುಂಗೆ ಏನಾರ ಆಗಿ ಆಸ್ಪತ್ರೆಗೆ ಓದ್ರೆ, ಆ ಕಾರ್ಡು ನೋಡ್ಕಂಡು ರಕ್ತ ಆಕ್ತಾರಾ?" ಎಂದರು.

"ಇಲ್ಲ. ಮತ್ತೆ ಪರೀಕ್ಷೆ ಮಾಡಿಯೇ ಹಾಕ್ತಾರೆ. ಮಾಡಿ ಅಂತ ನೀವೂ ಹೇಳಿ."

"ಏಳ್ತೀನಿ" ಎಂದರು. ನಮ್ಮಿಬ್ಬರ ನಡುವೆ ನಡೆದ ಮಾತು ಅಷ್ಟೇ.

ರಿಜಿಸ್ಟರಿನಲ್ಲಿ ೨೯ರ ಎದುರು 'ಮಾದರಿ ಕೆಟ್ಟಿದೆ' ಎಂದು ಬರೆದೆ. ಗೊತ್ತಿದ್ದು ಬರೆದ ಸುಳ್ಳು ಅದೊಂದೇ. ಡಾಕ್ಟರು ಬೆಂಗಳೂರಿನಿಂದ ಬಂದು, ಕೇಳದೆ ಜೀಪು ತೆಗೆದುಕೊಂಡು ಹೋದದ್ದಕ್ಕೂ ಮಾದರಿ ಕೆಡಿಸಿದ್ದಕ್ಕೂ ನನಗೆ ಮೆಮೊ ಕೊಟ್ಟರು. ನಂಬರು ತಪ್ಪಿದ್ದರ ಬಗ್ಗೆ ಅದರಲ್ಲಿ ಒಂದು ಅಕ್ಷರ ಇಲ್ಲ. ಹಾಗೆ ಬರೆದರೆ ತಪ್ಪು ನಡೆದಿದೆ ಎಂದು ಒಪ್ಪಿದ ಹಾಗಾಗುತ್ತಿತ್ತು. ಆದರೆ ಮಾರನೆಯ ವಾರವೇ ಲೇಬಲ್ಲಿನ ಮೇಲೆ ಅಂಕಿಯ ಜೊತೆ ಹೆಸರಿನ ಮೊದಲಕ್ಷರ, ಇಬ್ಬರು ಓದಿ ಸಹಿ ಎಂಬ ಹೊಸ ಪದ್ಧತಿ ಬಂತು. ಅದನ್ನು ತಂದವರು ಡಾಕ್ಟರೇ. ಗುಲಾಬಿ ಕಾರ್ಡು ನಿಂತುಹೋಯಿತು.

ಇನ್ನೊಂದು ಮಾತು. ಬಹಳ ಅಪರೂಪಕ್ಕೆ, ಪರೀಕ್ಷೆಗೆ ಓ ಎಂದು ಕಾಣುವ ರಕ್ತದವರ ಒಳಗೆ ಬಿ ಅಡಗಿರುವುದುಂಟು. ಅಂಥವರ ಮಕ್ಕಳಲ್ಲಿ ಅದು ಮತ್ತೆ ಕಾಣಿಸಿಕೊಳ್ಳಬಹುದು. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ನಾಗಮ್ಮನದು ಅಂಥ ರಕ್ತ ಇದ್ದಿರಬಹುದು, ಇಲ್ಲದಿರಬಹುದು. ಅವರ ರಕ್ತದಿಂದ ಬೇರ್ಪಡಿಸಿದ ತಿಳಿ, ಸೀರಂ, ಕೆಡದೆ ಆಗಲೂ ನಮ್ಮ ಪೆಟ್ಟಿಗೆಯಲ್ಲಿತ್ತು, ನೋಡಬಹುದಿತ್ತು. ನೋಡಲಿಲ್ಲ. ಒಂದು ಗುಟ್ಟು ಗೊತ್ತಾಯಿತು ಎಂದು ಕಿಕ್ಕೇರಿಯಲ್ಲಿ ಜೀಪಿನ ಪಕ್ಕ ನಿಂತು ಅಂದುಕೊಂಡೆನಲ್ಲ, ನನಗೆ ಅಷ್ಟೂ ಗೊತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಘಟಕ ಮುಚ್ಚುವ ಮುಂಚೆ ಒಂದು ದಿನ ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರು ಸಿಕ್ಕರು. ಮಗನನ್ನು ಕಾಲೇಜಿಗೆ ಸೇರಿಸಲು ಮೈಸೂರಿಗೆ ಹೊರಟಿದ್ದರು. ನನ್ನನ್ನು ನೋಡಿ ಹಳೆಯ ಗೆಳೆಯರಂತೆ ಮಾತಾಡಿಸಿದರು.

"ನಾನು ಈಗ ಮಕ್ಕಳಿಗೆ ಅದನ್ನೇ ಹೇಳಿಕೊಡ್ತೀನಿ ಕಣಮ್ಮ. ಪುಸ್ತಕ ಓದಿ, ಆದ್ರೆ ಮನೆಯೋರ ಮೇಲೆ ಪ್ರಯೋಗ ಮಾಡಬೇಡಿ ಅಂತ. ಆವತ್ತು ನಿಮ್ಮ ಕಾರ್ಡನ್ನೇ ನಂಬ್ಕೊಂಡು ಕೂತಿದ್ರೆ ನನ್ನ ತಮ್ಮನ ಸಂಸಾರ ಹಾಳಾಗ್ತಿತ್ತು. ರಕ್ತದಲ್ಲಿ ಏನ್ ಗೊತ್ತಾಗತ್ತೆ, ಹೇಳಿ?"

"ಏನೂ ಗೊತ್ತಾಗಲ್ಲ ಮೇಷ್ಟ್ರೆ" ಎಂದೆ.

ಅವರು ಮಾತಾಡುವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಕಾಲಿನ ಮೇಲೆ ಭಾರ ಬಿಟ್ಟು, ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ನಿಲ್ಲುತ್ತಿದ್ದರು. ಪಕ್ಕದಲ್ಲಿ ಶಿವರಾಜು ಬಸ್ಸು ಬರುವ ದಾರಿ ನೋಡುತ್ತ ನಿಂತಿದ್ದ. ಕೈ ಬೆನ್ನ ಹಿಂದೆ ಕಟ್ಟಿತ್ತು. ಒಂದು ಕಾಲಿನ ಮೇಲೆ ಭಾರ. ತಲೆ ಎಡಕ್ಕೆ ವಾಲಿತ್ತು.